ಉಪ್ಪಿನ ಋಣ

ಕನ್ನಡದಲ್ಲಿ ಎಂ.ಎ. ಮಾಡಿ, ಹುಡುಗರಿಗೆ ಷಟ್ಪದಿಯ ಮಾತ್ರೆ ಎಣಿಸುವುದನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೂ ರಸಾಯನಶಾಸ್ತ್ರಕ್ಕೂ ಏನು ನಂಟೆಂದು ಓದುಗರು ಕೇಳಬಹುದು. ‘ರಸ’ ಎಂಬ ಎರಡಕ್ಷರದ ನಂಟಿದೆಯೆಂದು ತರಗತಿಯಲ್ಲಿ ನಾನು ಹಾಸ್ಯ ಮಾಡುವುದುಂಟು. ಹುಡುಗರು ನಗುವುದಿಲ್ಲ. ಅದಕ್ಕಿಂತ ಹತ್ತಿರದ ನಂಟು ಬೇರೆಯೊಂದಿದೆ. ಅದನ್ನು ಇದುವರೆಗೆ ನಾನು ಯಾರೊಡನೆಯೂ ಸರಿಯಾಗಿ ಹೇಳಿಕೊಂಡವನಲ್ಲ.

ಬಂಗಾರಪೇಟೆಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಅಧ್ಯಾಪಕರ ಕೊಠಡಿಗೂ ರಸಾಯನಶಾಸ್ತ್ರದ ಪ್ರಯೋಗಶಾಲೆಗೂ ನಡುವೆ ಒಂದೇ ಗೋಡೆ. ವರ್ಷದ ಬಹುಕಾಲ ಆ ಗೋಡೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಜನವರಿ ಕಳೆದು ಪ್ರಾಯೋಗಿಕ ಪರೀಕ್ಷೆಗಳು ಹತ್ತಿರವಾದಾಗ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಗೋಡೆಯನ್ನು ಲೆಕ್ಕಿಸದೆ ಒಳಗೆ ಬರುತ್ತದೆ. ಇತಿಹಾಸದ ಮಿತ್ರರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಅರ್ಥಶಾಸ್ತ್ರದವರು ಪ್ರಾಂಶುಪಾಲರಿಗೆ ದೂರು ಬರೆಯುವ ಮಾತಾಡುತ್ತಾರೆ. ನಾನು ಎದ್ದು ಹೊರಗಿನ ಜಗಲಿಗೆ ಹೋಗಿ ನಿಲ್ಲುತ್ತೇನೆ. ಕನ್ನಡದ ಮೇಷ್ಟರು ಬಲು ಸೂಕ್ಷ್ಮ ಪ್ರಕೃತಿಯವರೆಂದು ಎಲ್ಲರೂ ತಿಳಿದಿದ್ದಾರೆ. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ.

ಗೋಡೆಯ ಆಚೆ ನಡೆಯುವುದು ಲವಣ ವಿಶ್ಲೇಷಣೆ. ಹುಡುಗರ ಬಾಯಲ್ಲಿ ‘ಸಾಲ್ಟ್ ಅನಾಲಿಸಿಸ್’. ಪರೀಕ್ಷೆಗೆ ಬಂದವನ ಕೈಗೆ ಒಂದು ಕಾಗದದ ಪೊಟ್ಟಣ ಕೊಡುತ್ತಾರೆ. ಅದರೊಳಗೆ ಒಂದೆರಡು ಚಿಟಿಕೆ ಪುಡಿ. ನೀಲಿಯದೋ ಹಸುರಿನದೋ ಸಿಕ್ಕವನು ಪುಣ್ಯವಂತ. ತಾಮ್ರವೋ ಕಬ್ಬಿಣವೋ ಇರಬಹುದೆಂದು ಊಹಿಸಬಹುದು. ನಮ್ಮಂಥವರಿಗೆ ಸಿಕ್ಕುವುದೆಲ್ಲ ಬಿಳಿಯ ಪುಡಿಯೇ. ಅಡಿಗೆಯ ಉಪ್ಪು, ಅಡಿಗೆಯ ಸೋಡ, ನವಸಾಗರ, ಭೇದಿಯ ಉಪ್ಪು ಎಲ್ಲವೂ ಕಣ್ಣಿಗೆ ಒಂದೇ. ನಾಲಗೆಗೆ ಮುಟ್ಟಿಸುವಂತಿಲ್ಲ. ಪ್ರತಿಯೊಂದು ಲವಣದಲ್ಲಿಯೂ ಎರಡು ಪಾಲು: ಧನ ವಿದ್ಯುತ್ತನ್ನು ಹೊತ್ತದ್ದು ಒಂದು, ಋಣ ವಿದ್ಯುತ್ತನ್ನು ಹೊತ್ತದ್ದು ಮತ್ತೊಂದು. ಒಂದು ಧನ ಅಯಾನು, ಒಂದು ಋಣ ಅಯಾನು. ಉಪ್ಪು ತಿಂದ ಮನೆಯ ಋಣದ ಮಾತನ್ನು ನಮ್ಮ ಹಿರಿಯರು ಆಡುತ್ತ ಬಂದಿದ್ದರು. ವಿಜ್ಞಾನದವರು ಅದನ್ನು ಅಕ್ಷರಶಃ ಉಪ್ಪಿನೊಳಗೇ ಸೇರಿಸಿಬಿಟ್ಟಿದ್ದಾರೆ.

ಈ ಋಣವನ್ನು ಪತ್ತೆ ಹಚ್ಚಲು ಒಂದು ಕ್ರಮವುಂಟು. ಮೊದಲು ದುರ್ಬಲ ಆಮ್ಲವನ್ನು ಹಾಕಿ ನೋಡಬೇಕು. ಬುರುಬುರನೆ ನೊರೆಯುಕ್ಕಿ, ಹೊರಟ ಗಾಳಿ ಸುಣ್ಣದ ತಿಳಿನೀರನ್ನು ಹಾಲಾಗಿಸಿದರೆ ಅದು ಕಾರ್ಬೊನೇಟು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೈಡು. ಏನೂ ಆಗದಿದ್ದರೆ ಹೊಸದಾಗಿ ಸ್ವಲ್ಪ ಪುಡಿ ತೆಗೆದುಕೊಂಡು ಅದರ ಮೇಲೆ ಪ್ರಬಲ ಗಂಧಕಾಮ್ಲವನ್ನು ಹನಿಸಬೇಕು. ಮೂಗಿಗೆ ಚುಚ್ಚುವ ಹೊಗೆ ಬಂದು, ಅಮೋನಿಯದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಹಿಡಿದಾಗ ದಟ್ಟವಾದ ಬಿಳಿಯ ಧೂಮವಾದರೆ ಕ್ಲೋರೈಡು. ಕೆಂಗಂದು ಹೊಗೆಯಾದರೆ ಬ್ರೋಮೈಡು. ನೇರಿಳೆ ಬಣ್ಣದ ಆವಿಯೆದ್ದರೆ ಅಯೊಡೈಡು. ತಾಮ್ರದ ಚೂರು ಹಾಕಿ ಕಾಯಿಸಿದಾಗ ಕಂದು ಹೊಗೆ ಹೆಚ್ಚಿದರೆ ನೈಟ್ರೇಟು. ಇದಕ್ಕೂ ಜಗ್ಗದವು ಮೂರನೆಯ ಗುಂಪಿನವು, ಸಲ್ಫೇಟು ಮೊದಲಾದವು. ಗುಂಪು ಗೊತ್ತಾದ ಮೇಲೆ ದೃಢೀಕರಣ. ಕ್ಲೋರೈಡೆಂದು ಸಂದೇಹವಿದ್ದರೆ ಲವಣವನ್ನು ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಮ್ಲದ ಹುಳಿ ಸೇರಿಸಿ, ಸಿಲ್ವರ್ ನೈಟ್ರೇಟು ಹನಿಸಿದರೆ ಗಟ್ಟಿಮೊಸರಿನಂತಹ ಬಿಳಿಯ ಒತ್ತರ ಇಳಿಯುತ್ತದೆ. ಅಮೋನಿಯ ಹಾಕಿದರೆ ಅದು ಮತ್ತೆ ಕರಗಿ ತಿಳಿಯಾಗುತ್ತದೆ. ಸಮಾಸವನ್ನು ವಿಗ್ರಹ ಮಾಡಿ ತೋರಿಸುವುದಕ್ಕಿಂತ ಇದೇನೂ ಬೇರೆಯಲ್ಲ. ಮಾತಿಗೆ ಮೊದಲೇ ‘ಬಹುವ್ರೀಹಿ’ ಎನ್ನುವ ಹುಡುಗನನ್ನು ನಾನು ನಿಲ್ಲಿಸಿ, “ಬಿಡಿಸಿ ಹೇಳಪ್ಪ” ಎನ್ನುತ್ತೇನೆ. ಹಾಗೆ ಹೇಳುವ ಹಕ್ಕು ನನಗೆಷ್ಟಿದೆ ಎಂಬುದು ಮುಂದೆ ತಿಳಿದೀತು.

ಈ ಸಿಲ್ವರ್ ನೈಟ್ರೇಟು ನಮ್ಮ ಮನೆಗೆ ನೆಂಟನಂತಿದ್ದ ವಸ್ತು. ನಮ್ಮ ತಂದೆಯವರು ಕೋಲಾರ ಚಿನ್ನದ ಗಣಿಯ ಮಿಲ್ಲಿನಲ್ಲಿ, ಸೈನೈಡ್ ಪ್ಲಾಂಟಿನ ಸಣ್ಣ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದರು. ಗಣಿಯೆಂದೊಡನೆ ಜನ ನೆನೆಯುವುದು ಪಾತಾಳವನ್ನು. ಚಾಂಪಿಯನ್ ರೀಫ್ಸಿನಲ್ಲಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದ ಧೀರರ ಕಥೆ ದೊಡ್ಡದು, ಅದಕ್ಕೆ ಬೇರೆಯವರಿದ್ದಾರೆ. ಆದರೆ ಮೇಲೆ ಬಂದ ಕಲ್ಲಿನಲ್ಲಿ ಚಿನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಕೊನೆಕೊನೆಯ ಕಾಲದಲ್ಲಂತೂ ಒಂದು ಟನ್ ಕಲ್ಲಿಗೆ ಬೆರಳಲ್ಲಿ ಎಣಿಸುವಷ್ಟು ಗ್ರಾಂ ಸಿಕ್ಕಿದರೆ ಹೆಚ್ಚು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡಿನ ತೀರ ತೆಳುವಾದ ದ್ರಾವಣದಲ್ಲಿ ನೆನೆಹಾಕಿ ಗಾಳಿಯಾಡಿಸಿದರೆ ಚಿನ್ನ ಅದರಲ್ಲಿ ಕರಗಿ ಬರುತ್ತದೆ. ಸತುವಿನ ಪುಡಿಯನ್ನು ಹಾಕಿದರೆ ಮತ್ತೆ ಹೊರಬೀಳುತ್ತದೆ. ಗ್ಲಾಸ್ಗೋ ನಗರದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು 1887 ರಲ್ಲಿ ಹಕ್ಕು ಪಡೆದ ಈ ವಿಧಾನವೇ ಮುಂದೆ ನಮ್ಮ ಊರಿಗೂ ಬಂದಿತು. 120 ವರ್ಷಗಳಲ್ಲಿ ಇಲ್ಲಿ ದೊರೆತ ಸುಮಾರು 800 ಟನ್ ಚಿನ್ನದಲ್ಲಿ ಒಂದು ಪಾಲು ಈ ವಿಷವನ್ನು ಹಾದು ಬಂದದ್ದು.

ವಿಷವನ್ನು ಅಂಕೆಯಲ್ಲಿಡುತ್ತಿದ್ದುದು ಸುಣ್ಣ. ವೀಳೆಯಕ್ಕೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ದ್ರಾವಣ ಕ್ಷಾರವಾಗಿರುವವರೆಗೆ ಸೈನೈಡು ನೀರಿನೊಳಗೇ ಅಡಗಿರುತ್ತದೆ. ಹುಳಿಯಾದರೆ ಪ್ರಾಣ ತೆಗೆಯುವ ಗಾಳಿಯಾಗಿ ಮೇಲೇಳುತ್ತದೆ. ನಮ್ಮ ತಂದೆಯವರು ಪ್ರಯೋಗಶಾಲೆಯ ಬಾಗಿಲೊಳಗೆ ಊಟದ ಡಬ್ಬಿಯನ್ನು ಎಂದೂ ಒಯ್ದವರಲ್ಲ. ಮನೆಗೆ ಬಂದೊಡನೆ ಮೂರು ಬಾರಿ ಸೋಪು ಹಚ್ಚಿ ಕೈ ತೊಳೆಯದೆ ನಮ್ಮನ್ನು ಮುಟ್ಟುತ್ತಿರಲಿಲ್ಲ.

ಅವರ ಕೆಲಸ ಇಷ್ಟೇ: ಗೊತ್ತಾದ ವೇಳೆಗೆ ತೊಟ್ಟಿಗಳಿಂದ ದ್ರಾವಣದ ಮಾದರಿ ತರುವುದು, ಅದರಲ್ಲಿ ಸೈನೈಡು ಎಷ್ಟು ಉಳಿದಿದೆಯೆಂದು ಅಳೆದು ಪುಸ್ತಕದಲ್ಲಿ ಬರೆಯುವುದು. ಅಳೆಯುತ್ತಿದ್ದುದು ಸಿಲ್ವರ್ ನೈಟ್ರೇಟಿನಿಂದ. ಗಾಜಿನ ಬ್ಯೂರೆಟ್ಟಿನಿಂದ ಅದು ಹನಿಹನಿಯಾಗಿ ಬೀಳುತ್ತದೆ. ಬಿದ್ದ ಹನಿ ಒಂದು ಕ್ಷಣ ಕದಡಿ ಮಾಯವಾಗುತ್ತದೆ. ಚಿನ್ನವನ್ನು ಅಪ್ಪಿಕೊಳ್ಳುವಂತೆಯೇ ಸೈನೈಡು ಬೆಳ್ಳಿಯನ್ನೂ ಅಪ್ಪಿಕೊಳ್ಳುತ್ತದೆ. ಅಪ್ಪಿಕೊಳ್ಳಲು ಸೈನೈಡು ಉಳಿಯದಾದ ಗಳಿಗೆಯಲ್ಲಿ, ಸೂಚಕವಾಗಿ ಹಾಕಿದ ಪೊಟಾಸಿಯಂ ಅಯೊಡೈಡಿನಿಂದಾಗಿ, ಒಂದೇ ಹನಿಗೆ ತೆಳ್ಳನೆಯ ಹಳದಿ ಮಂಜು ಕವಿದು ನಿಲ್ಲುತ್ತದೆ. ಆ ಹನಿಯಲ್ಲಿ ಕೈ ನಿಲ್ಲಬೇಕು. ಜರ್ಮನಿಯ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟ ದಾರಿ ಇದು. ನಮ್ಮ ತಂದೆಯವರಿಗೆ ಲೀಬಿಗ್ ಗೊತ್ತಿರಲಿಲ್ಲ, ಹನಿ ಗೊತ್ತಿತ್ತು.

ಒಂದು ರಾತ್ರಿಪಾಳಿಯಲ್ಲಿ ಮಾದರಿಯ ಸೀಸೆ ಕೈಜಾರಿ ಒಡೆಯಿತಂತೆ. ಹಿಂದಿನ ಗಂಟೆಯ ಅಂಕಿಯನ್ನೇ ತುಸು ಹೆಚ್ಚು ಕಡಿಮೆ ಮಾಡಿ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಆ ಮನೆಯನ್ನು ಖಾಲಿ ಬಿಟ್ಟರು. ಬೆಳಿಗ್ಗೆ ಮೇಲಿನವರು ಕೇಳಿದಾಗ, “ನೋಡಲಿಲ್ಲ, ಬರೆಯಲಿಲ್ಲ” ಎಂದರಂತೆ. ಈ ಕಥೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದವರಲ್ಲ. ಸೀಸೆ ಒಡೆದ ನಾಚಿಕೆಯಿಂದ ಹೇಳುತ್ತಿದ್ದರು.

ಸಿಲ್ವರ್ ನೈಟ್ರೇಟು ಚರ್ಮಕ್ಕೆ ತಗುಲಿ ಬೆಳಕು ಬಿದ್ದರೆ ಕಪ್ಪಾಗುತ್ತದೆ. ಎಷ್ಟು ತೊಳೆದರೂ ಹೋಗದು. ನಮ್ಮ ತಂದೆಯವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ಕಪ್ಪು. ಚಿಕ್ಕಂದಿನಲ್ಲಿ ಅದು ಸೈನೈಡಿನ ಕಲೆಯೆಂದೇ ನಾನು ನಂಬಿದ್ದೆ. ಅವರು ಕಲಸಿ ಕೊಟ್ಟ ಅನ್ನದ ತುತ್ತನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ದೇವರನ್ನು ನೆನೆದು ನುಂಗುತ್ತಿದ್ದೆ. ಒಮ್ಮೆ ಅದನ್ನು ಕಂಡುಹಿಡಿದು ಅವರು ನಕ್ಕು, “ವಿಷವಲ್ಲ ಮಗು, ಬೆಳ್ಳಿ” ಎಂದರು. ಬೆಳ್ಳಿ ಕಪ್ಪಗಿರುತ್ತದೆಂದು ಆ ವಯಸ್ಸಿನಲ್ಲಿ ಯಾರು ನಂಬಿಯಾರು?

2001 ರ ಫೆಬ್ರವರಿ 28 ರಂದು ಗಣಿಗಳು ಮುಚ್ಚಿದುವು. ನನಗೆ ಆಗ ಹದಿಮೂರರ ಪ್ರಾಯ. ಕೆಲವು ವಾರಗಳಲ್ಲಿ ತಂದೆಯವರ ಬೆರಳುಗಳ ಹಳೆಯ ಚರ್ಮ ಸವೆದು ಕಲೆ ಮಾಯವಾಯಿತು. ಒಂದು ದಿನ ಊಟಕ್ಕೆ ಕುಳಿತಾಗ ಅಮ್ಮ ಅವರ ಬೆಳ್ಳನೆಯ ಬೆರಳನ್ನು ಕಂಡು, ಬಡಿಸುವುದನ್ನು ಬಿಟ್ಟು ಒಳಗೆ ಹೋದಳು. ಸಾಯಂಕಾಲದವರೆಗೂ ಅವಳು ಮಾತಾಡಲಿಲ್ಲ.

ಆಮೇಲಿನದು ಗಣಿಯ ಊರಿನ ಎಷ್ಟೋ ಮನೆಗಳ ಕಥೆ. ಬೆಳಗಿನ ಜಾವದ ಮಾರಿಕುಪ್ಪಂ ಗಾಡಿ ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ, ಒಂದು ಗೋದಾಮಿನ ಕಾವಲು ಕಾದು, ರಾತ್ರಿ ಒಂಬತ್ತಕ್ಕೆ ಮರಳುವುದು. ಪ್ರಯೋಗಶಾಲೆಯಿಂದ ಅವರೊಡನೆ ಬಂದದ್ದು ಒಂದೇ ವಸ್ತು: ಕಂದು ಗಾಜಿನ ಪುಟ್ಟ ಸೀಸೆ, ಅದರ ತಳದಲ್ಲಿ ನಾಲ್ಕು ಬೆರಳು ಸಿಲ್ವರ್ ನೈಟ್ರೇಟು. ಕೇಳಿಯೇ ತಂದದ್ದೆಂದು ಮನೆಗೆ ಬಂದವರಿಗೆಲ್ಲ, ಯಾರೂ ಕೇಳದಿದ್ದರೂ, ಹೇಳುತ್ತಿದ್ದರು. ಬೆಳಕು ತಗುಲದಂತೆ ಅದನ್ನು ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದರು.

ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡದ್ದು ಅವರ ಆಸೆಗಾಗಿ. ‘ಸಹಾಯಕ’ನೆಂಬ ಮಾತಿಲ್ಲದ ಕೆಮಿಸ್ಟ್ ಒಬ್ಬ ಮನೆಯಲ್ಲಿ ಆಗಬೇಕೆಂಬುದು ಅವರ ಆಸೆ. 2006 ರ ಫೆಬ್ರವರಿಯಲ್ಲಿ ಎರಡನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಕಾಲೇಜಿನ ಹೆಸರು ಬೇಡ. ಅಂದು ಭಟ್ಟಿ ಇಳಿಸಿದ ನೀರು ನಡುವೆಯೇ ಮುಗಿದುಹೋಗಿ, ಸೀಸೆಗಳಿಗೆಲ್ಲ ಕೊಳವೆ ಬಾವಿಯ ನೀರು ತುಂಬಿದ್ದರು. ಪರೀಕ್ಷೆಯ ಗಡಿಬಿಡಿಯಲ್ಲಿ ನಮಗೆ ಅದು ತಿಳಿಯಲಿಲ್ಲ.

ನನ್ನ ಪೊಟ್ಟಣದಲ್ಲಿದ್ದುದು ಬಿಳಿಯ ಹರಳು. ದುರ್ಬಲ ಆಮ್ಲಕ್ಕೆ ಏನೂ ಆಗಲಿಲ್ಲ. ಪ್ರಬಲ ಗಂಧಕಾಮ್ಲಕ್ಕೂ ಏನೂ ಆಗಲಿಲ್ಲ. ಅಮೋನಿಯದ ಕಡ್ಡಿಯನ್ನು ಎಷ್ಟು ಹೊತ್ತು ಹಿಡಿದರೂ ಧೂಮವಿಲ್ಲ. ಪಕ್ಕದ ಮೇಜಿನವನ ಪ್ರನಾಳದಲ್ಲಿ ನೇರಿಳೆ ಆವಿ ಮೋಡದಂತೆ ಏಳುತ್ತಿದ್ದಿತು. ನನ್ನದು ಮೌನವ್ರತ ಹಿಡಿದಂತಿದ್ದಿತು. ಗಡಿಯಾರ ನೋಡಿದೆ. ಕ್ರಮಪ್ರಕಾರ ಮೂರನೆಯ ಗುಂಪಿಗೆ ಹೋಗುವುದನ್ನು ಬಿಟ್ಟು, ಏನಾದರೂ ಆಗಲೆಂದು ಸಿಲ್ವರ್ ನೈಟ್ರೇಟು ಹನಿಸಿದೆ. ಬೆಳ್ಳಗಾಯಿತು! ಅಮೋನಿಯ ಹಾಕಿದೆ, ತಿಳಿಯಾಯಿತು. ಕ್ಲೋರೈಡು ಸಿಕ್ಕಿತೆಂದು ಎದೆ ಕುಣಿಯಿತು. ಅದು ಮಜ್ಜಿಗೆಯ ತಿಳಿಯಷ್ಟು ತೆಳುವಾಗಿದ್ದಿತು. ನಾನು ‘ಗಟ್ಟಿಮೊಸರಿನಂತಹ ಒತ್ತರ’ ಎಂದು ಬರೆದೆ. ಆದರೆ ಮೇಲಿನ ಸಾಲಿನಲ್ಲಿ ಗಂಧಕಾಮ್ಲದ ಪರೀಕ್ಷೆಯ ಮನೆ ಖಾಲಿಯಿದ್ದಿತು. ಕ್ಲೋರೈಡೆಂದ ಮೇಲೆ ಅಲ್ಲಿ ಹೊಗೆ ಇರಲೇಬೇಕಲ್ಲವೆ? ‘ಚುಚ್ಚುವ ವಾಸನೆಯ ಹೊಗೆ; ಅಮೋನಿಯದ ಕಡ್ಡಿಯೊಡನೆ ದಟ್ಟವಾದ ಬಿಳಿಯ ಧೂಮ’ ಎಂದು ದುಂಡಗೆ ಬರೆದೆ. ಧನ ಅಯಾನು ಮೆಗ್ನೀಷಿಯಂ ಎಂಬುದನ್ನು ಮಾತ್ರ ಸರಿಯಾಗಿಯೇ ಕಂಡುಹಿಡಿದಿದ್ದೆ. ಉತ್ತರ: ಮೆಗ್ನೀಷಿಯಂ ಕ್ಲೋರೈಡು.

ಹೊರಗೆ ಬಂದ ಮೇಲೆ ತಿಳಿಯಿತು: ನನಗೆ ಕೊಟ್ಟಿದ್ದುದು ಮೆಗ್ನೀಷಿಯಂ ಸಲ್ಫೇಟು. ಮನೆಯ ಮಾತಿನಲ್ಲಿ ಭೇದಿಯ ಉಪ್ಪು.

ಆ ರಾತ್ರಿ ತಂದೆಯವರು ಗಾಡಿಯಿಳಿದು ಬಂದು, ಕೈಕಾಲು ತೊಳೆದು, ನನ್ನೆದುರು ಕುಳಿತರು. ಆಗ ಅವರು ಕೇಳಿದ ಪ್ರಶ್ನೆಗಳು ಮೂರು. ಮೂರೂ ಇಂದಿಗೂ ನನ್ನ ಕಿವಿಯಲ್ಲಿವೆ.

“ಮೆಗ್ನೀಷಿಯಂ ಕ್ಲೋರೈಡು ಗಾಳಿಗೆ ಇಟ್ಟರೆ ನೀರೂರುತ್ತದಲ್ಲ, ಪೊಟ್ಟಣದ ಕಾಗದ ಒದ್ದೆಯಾಗಿತ್ತೆ?”

“ಇಲ್ಲಪ್ಪ, ಒಣಗಿತ್ತು.”

“ಗಂಧಕಾಮ್ಲ ಹಾಕಿದಾಗ ಹೊಗೆ ಕಂಡಿತೆ?”

“ಕಂಡಿತು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬರಿಯ ನೀರನ್ನೊಮ್ಮೆ ಪರೀಕ್ಷಿಸಿ ನೋಡಿದೆಯಾ?” ಎಂದರು.

ನಾನು ನೋಡಿರಲಿಲ್ಲ. ಅವರು ಎದ್ದು ಪೆಟ್ಟಿಗೆ ತೆರೆದು ಆ ಕಂದು ಸೀಸೆಯನ್ನು ತಂದರು. ಗಾಜಿನ ಲೋಟದಲ್ಲಿ ನಮ್ಮ ಕೊಳಾಯಿಯ ನೀರು ಹಿಡಿದು, ಒಂದು ಹನಿ ಬಿಟ್ಟರು. ನೀರು ಹಾಲಿನಂತೆ ಮಬ್ಬಾಯಿತು. ಕೋಲಾರದ ಸೀಮೆಯ ಕೊಳವೆ ಬಾವಿಗಳ ನೀರು ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತು ಬರುವ ನೀರು. ಕ್ಲೋರೈಡಿನ ಉಪ್ಪು ಅದರಲ್ಲಿ ಇದ್ದೇ ಇರುತ್ತದೆ. ಆದುದರಿಂದಲೇ ಲವಣವನ್ನು ಪರೀಕ್ಷಿಸುವ ಮೊದಲು ಬರಿಯ ನೀರಿಗೆ ಅದೇ ಹನಿಯನ್ನು ಹಾಕಿ ನೋಡಬೇಕು. ಮಿಲ್ಲಿನಲ್ಲಿ ಅದಕ್ಕೆ ‘ಬ್ಲ್ಯಾಂಕ್’ ಎನ್ನುತ್ತಿದ್ದರಂತೆ. ನೀರಿನ ಪಾಲೆಷ್ಟೆಂದು ಮೊದಲು ತಿಳಿದರೆ ಉಪ್ಪಿನ ಪಾಲು ತಾನಾಗಿ ತಿಳಿಯುತ್ತದೆ.

“ನೋಡೆ, ಇವನದೇನೂ ತಪ್ಪಿಲ್ಲ. ನೀರಿನ ತಪ್ಪು” ಎಂದು ತಂದೆಯವರು ಅಮ್ಮನನ್ನು ಕರೆದು ಲೋಟ ತೋರಿಸಿದರು. ಮಾರನೆಯ ಭಾನುವಾರ ಅಕ್ಕಭಾವ ಬಂದಾಗಲೂ ಅದೇ ಮಾತು. ಸೋದರಮಾವನ ಮುಂದೆ ಮತ್ತೊಂದು ಹನಿ ಖರ್ಚಾಯಿತು.

ನಾನು ವಿಜ್ಞಾನ ಬಿಟ್ಟೆ. ಅಂಕಗಳೇನೂ ಅಷ್ಟು ಹಾಳಾಗಿರಲಿಲ್ಲ, ಆದರೂ ಬಿಟ್ಟೆ. ಬಿ.ಎ.ಗೆ ಸೇರಿ, ಕನ್ನಡಕ್ಕೆ ಬಂದು, ಇಲ್ಲಿ ಸುಖವಾಗಿಯೇ ಇದ್ದೇನೆ. ಏಕೆ ಬಿಟ್ಟಿರೆಂದು ಕೇಳಿದವರಿಗೆಲ್ಲ ಆ ನೀರಿನ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತೇನೆ. ಕೊಳವೆ ಬಾವಿಯ ನೀರು ಒಬ್ಬ ವಿಜ್ಞಾನಿಯನ್ನು ಕಳೆದು ಒಬ್ಬ ಕನ್ನಡ ಮೇಷ್ಟರನ್ನು ಕೊಟ್ಟಿತು ಎಂದಾಗ ಹುಡುಗರು ನಗುತ್ತಾರೆ. ‘ರಸ’ದ ಹಾಸ್ಯಕ್ಕಿಂತ ಇದು ಚೆನ್ನಾಗಿ ನಡೆಯುತ್ತದೆ. ಹೊಗೆಯ ಸಾಲನ್ನು ಮಾತ್ರ ಯಾರಿಗೂ ಹೇಳಿದವನಲ್ಲ. ಅದು ಸಣ್ಣ ವಿಷಯವೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಕಳೆದ ಬಾರಿ ಊರಿಗೆ ಹೋದಾಗ ಭಾನುವಾರ. ಬಂಗಾರಪೇಟೆಯಿಂದ ಗಣಿಗೆ ಹೋಗುವ ಗಾಡಿ ಊರಿಗಾಂ ಸೇರುವ ಮುನ್ನವೇ ಕಿಟಕಿಯಲ್ಲಿ ಸೈನೈಡ್ ದಿಬ್ಬಗಳು ಕಾಣತೊಡಗುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು ಅದು. ಹದಿಮೂರು ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ನುಗಳಷ್ಟು. ಅದರಲ್ಲಿ ಅಳಿದುಳಿದ ಚಿನ್ನವನ್ನು ತೆಗೆಸಲು ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಯೋಜನೆಗೆ 2024 ರಲ್ಲಿ ರಾಜ್ಯ ಸರ್ಕಾರ ಒಪ್ಪಿತು. ಆಷಾಢದ ಗಾಳಿಗೆ ಆ ಹಿಟ್ಟು ಎದ್ದು ಅನ್ನದ ತಟ್ಟೆಗೂ ಬಂದು ಬೀಳುತ್ತದೆ. ನಾವು ಅದನ್ನು ಕಂಡು ಬೆಳೆದವರು.

ತಂದೆತಾಯಿಗಳು ಈಗಲೂ ಅದೇ ಲೈನಿನ ಮನೆಯಲ್ಲಿದ್ದಾರೆ. ಅಕ್ಕನ ಮಗಳು ಎರಡನೆಯ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತ ಅವರ ಜೊತೆಗಿದ್ದಾಳೆ. ನಾನು ಹೋದಾಗ ಅವಳು ತಾತನ ಎದುರು ಕುಳಿತು ಋಣ ಅಯಾನುಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ತಂದೆಯವರು ಕಣ್ಣು ಮುಚ್ಚಿ, ಹರಿಕಥೆ ಕೇಳುವವರಂತೆ ಗೋಡೆಗೆ ಒರಗಿದ್ದರು.

“ತಾತ, ನಮ್ಮೂರೆಲ್ಲ ಸೈನೈಡೇ. ಆದರೆ ಈ ಪಟ್ಟಿಯಲ್ಲಿ ಸೈನೈಡೇ ಇಲ್ಲವಲ್ಲ?” ಎಂದಳು.

“ಇದ್ದರೆ ಮೊದಲನೆಯ ಪರೀಕ್ಷೆಯಲ್ಲಿಯೇ ಹುಡುಗರೆಲ್ಲ ಪಾಸಾಗಿ ಮೇಲಕ್ಕೆ ಹೋಗಿಬಿಡುತ್ತಾರಮ್ಮ. ಆಮ್ಲ ಹಾಕುತ್ತೀಯಲ್ಲ!” ಎಂದರು ತಂದೆಯವರು.

ಸೈನೈಡನ್ನು ಗುರುತಿಸುವ ಪರೀಕ್ಷೆಯೂ ಅವರಿಗೆ ಗೊತ್ತಿತ್ತು. ಕ್ಷಾರದಲ್ಲಿಯೇ ಕಬ್ಬಿಣದ ಸಲ್ಫೇಟು ಸೇರಿಸಿ ಕಾಯಿಸಬೇಕು. ಸೈನೈಡೆಲ್ಲ ಕಬ್ಬಿಣದೊಡನೆ ಬೆಸೆದುಕೊಂಡ ಮೇಲೆ ಕೊನೆಗೆ ಆಮ್ಲ. ಆಗ ಕಡುನೀಲಿ ಬಣ್ಣ, ಪ್ರಶ್ಯನ್ ನೀಲಿ, ಮೂಡುತ್ತದೆ. ಇಲ್ಲಿ ನನಗೂ ಬಾಯಿ ಹಾಕುವ ಅವಕಾಶ ಸಿಕ್ಕಿತು: ‘ಸೈನೈಡ್’ ಎಂಬ ಪದಕ್ಕೆ ಮೂಲ ನೀಲಿಯನ್ನು ಹೇಳುವ ಗ್ರೀಕ್ ಮಾತು, 1782 ರಲ್ಲಿ ಷೀಲೆ ಎಂಬಾತ ಆ ನೀಲಿ ಬಣ್ಣದಿಂದಲೇ ಈ ವಿಷದ ಆಮ್ಲವನ್ನು ಮೊದಲು ತೆಗೆದದ್ದು. ಪದದ ವ್ಯುತ್ಪತ್ತಿಯನ್ನು ಯಾರೂ ಕೇಳಿರಲಿಲ್ಲ. ಯಾರೂ ಮೆಚ್ಚಲೂ ಇಲ್ಲ.

“ಹಾಗಾದರೆ ಅಜ್ಜಿಯ ಹಲ್ಲಿನದು?” ಎಂದಳು ಹುಡುಗಿ. ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಸೆರಗನ್ನು ಬಾಯಿಗೆ ಹಿಡಿದಳು. ಅಮ್ಮ ಬಂಗಾರಪೇಟೆಯ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಅವಳ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಚಿತ್ರ ತೆಗೆಸಿಕೊಳ್ಳುವಾಗ ಎಂದೂ ನಕ್ಕವಳಲ್ಲ. ಅದು ಫ್ಲೋರೈಡಿನ ಕೆಲಸ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಾಗ 1.5 ರವರೆಗೆ ಎಂದು ನಿಯಮ; ಕೋಲಾರ ಜಿಲ್ಲೆಯ ಎಷ್ಟೋ ಬಾವಿಗಳು ಆ ಗೆರೆಯನ್ನು ದಾಟಿವೆ. ಹಲ್ಲು ಕಟ್ಟುವ ಎಳೆ ವಯಸ್ಸಿನಲ್ಲಿ ಕುಡಿದ ನೀರು ಬಾಳಿಡೀ ಹಲ್ಲಿನ ಮೇಲೆ ಉಳಿಯುತ್ತದೆ. ಇಂಥ ಫ್ಲೋರೈಡೂ ಹುಡುಗಿಯ ಪಟ್ಟಿಯಲ್ಲಿರಲಿಲ್ಲ. ತಂದೆಯವರ ಬೆಳ್ಳಿಯ ಹನಿಗೂ ಅದು ಸಿಕ್ಕುವುದಿಲ್ಲ. ಕ್ಲೋರೈಡಿನ ಹತ್ತಿರದ ಸಂಬಂಧಿಯಾದರೂ ಬೆಳ್ಳಿಯೊಡನೆ ಸೇರಿದ ಫ್ಲೋರೈಡು ನೀರಿನಲ್ಲಿ ಕರಗಿಯೇ ಇರುತ್ತದೆ. ಅದಕ್ಕೆ ಜಿರ್ಕೋನಿಯಂ ಸೇರಿಸಿದ ಅಲಿಜರಿನ್ ಬಣ್ಣ ಬೇಕು. ಫ್ಲೋರೈಡು ಸೋಕಿದರೆ ಅದರ ಕೆಂಪು ಹೋಗಿ ಹಳದಿಯಾಗುತ್ತದೆ. “ಒಂದೇ ಲೋಟದ ನೀರು. ಅದರಲ್ಲಿ ನಿನ್ನ ಮಾವನಿಗೆ ಕ್ಲೋರೈಡು ಸಿಕ್ಕಿತು, ನಿನ್ನ ಅಜ್ಜಿಗೆ ಫ್ಲೋರೈಡು” ಎಂದು ತಂದೆಯವರು ನಕ್ಕರು. ಅಮ್ಮನೂ, ಸೆರಗಿನ ಹಿಂದೆ, ನಕ್ಕಳು.

ನೀರಿನ ಕಥೆ ಹುಡುಗಿಗೆ ಗೊತ್ತಿತ್ತು. ಮನೆಯಲ್ಲಿ ಅದು ಗೊತ್ತಿಲ್ಲದವರಿಲ್ಲ. ಅವಳು ಪಟ್ಟಿಗೆ ಮರಳಿ ಎರಡನೆಯ ಗುಂಪು ಓದಿದಳು. ಓದುತ್ತ ನಡುವೆ ನಿಂತು ನನ್ನತ್ತ ತಿರುಗಿ, ಮೇಷ್ಟರ ಗತ್ತಿನಲ್ಲಿ ಹೇಳಿದಳು:

“ಮಾವ, ಈ ಪರೀಕ್ಷೆಗೆ ಒಣ ಉಪ್ಪನ್ನೇ ತೆಗೆದುಕೊಳ್ಳಬೇಕಂತೆ. ಪ್ರನಾಳವೂ ಒಣಗಿರಬೇಕು. ನೀರು ಸೋಕಲೇಬಾರದು. ನೆನಪಿದೆಯೆ?”

ನನಗೆ ನೆನಪಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮರೆತೇಹೋಗಿತ್ತು. ಈಗ ಕೇಳಿದೊಡನೆ ಮೈ ತಣ್ಣಗಾಯಿತು. ಸಿಲ್ವರ್ ನೈಟ್ರೇಟಿನ ಪರೀಕ್ಷೆಯಲ್ಲಿ ನೀರಿದೆ. ನೀರು ಮೋಸ ಮಾಡಬಹುದು. ಗಂಧಕಾಮ್ಲದ ಪರೀಕ್ಷೆಯಲ್ಲಿ ನೀರೇ ಇಲ್ಲ. ಭೇದಿಯ ಉಪ್ಪಿನಿಂದ ಆ ಹೊಗೆ ಬರುವಂತಿಲ್ಲ. ನೀರಿನಿಂದ ಬಂದಿತೆನ್ನುವಂತೆಯೂ ಇಲ್ಲ. “ಕಂಡಿತು” ಎಂದು ನಾನು ಹೇಳಿದ ಕ್ಷಣದಲ್ಲಿಯೇ, ಜೀವಮಾನವಿಡೀ ಇಂತಹ ಹನಿಗಳನ್ನು ನೋಡಿದ ಆ ಮನುಷ್ಯನಿಗೆ ಎಲ್ಲವೂ ತಿಳಿದಿರಬೇಕು. ಕಾಗದ ಒಣಗಿತ್ತೇ ಎಂದು ಕೇಳಿದಾಗಲೇ ತಿಳಿದಿರಬೇಕು. ಆಮೇಲೆ ಅವರು ಎದ್ದು ಹೋಗಿ ಸೀಸೆ ತಂದದ್ದು, ಲೋಟ ಹಿಡಿದದ್ದು, ಅಮ್ಮನನ್ನು ಕರೆದದ್ದು! ನೋಡದುದನ್ನು ಬರೆಯಲಾರದೆ ಮನೆ ಖಾಲಿ ಬಿಟ್ಟವರು, ಮಗನಿಗಾಗಿ ನೆಂಟರೆದುರು ಎಷ್ಟು ಹನಿ ಖರ್ಚು ಮಾಡಿದರು.

ತಂದೆಯವರ ಕಡೆ ನೋಡಿದೆ. ಅವರು ಕಣ್ಣು ತೆರೆದಿರಲಿಲ್ಲ. ಮಡಿಲಲ್ಲಿದ್ದ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿದ್ದಿತು. ಅದು ಅವರ ಹಳೆಯ ಅಭ್ಯಾಸ.

“ಅಪ್ಪಾ, ಅಂದು ಹೊಗೆ ಬರಲಿಲ್ಲ” ಎಂದೆ.

ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಪುಸ್ತಕದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿದಳು. ತಂದೆಯವರು ತಕ್ಷಣ ಏನೂ ಹೇಳಲಿಲ್ಲ. ಹೊರಗೆ ಯಾರದೋ ಮನೆಯ ಬಿಂದಿಗೆಗಳು ಕೊಳಾಯಿಯ ಹತ್ತಿರ ಸದ್ದು ಮಾಡುತ್ತಿದ್ದುವು.

“ಹೇಗೆ ಬಂದೀತು, ಭೇದಿಯ ಉಪ್ಪಲ್ಲವೆ?” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನೀರಿನದೂ ಒಂದಿಷ್ಟು ತಪ್ಪಿತ್ತು ಬಿಡು” ಎಂದರು.

ಮತ್ತೆ ಹುಡುಗಿಯ ಕಡೆ ತಿರುಗಿ, “ಏಕಮ್ಮ ನಿಲ್ಲಿಸಿದೆ? ಮೂರನೆಯ ಗುಂಪು ಓದು” ಎಂದು ಕಣ್ಣು ಮುಚ್ಚಿಕೊಂಡರು.

ಅವಳು ಓದತೊಡಗಿದಳು: ಲವಣದ ದ್ರಾವಣ, ಬೇರಿಯಂ ಕ್ಲೋರೈಡಿನ ಹನಿ, ಬಿಳಿಯ ಒತ್ತರ, ಪ್ರಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗದು.